ಸಿಆರ್‌ಒ ಪರದೆ ಮೇಲೆ 1958ರ ಟೆನಿಸ್: ಒಂದು ಚುಕ್ಕೆಯಿಂದ ಇಡೀ ಆಟದವರೆಗೆ

1958ರ 'ಟೆನಿಸ್ ಫಾರ್ ಟೂ' ಎಂಬ ವಿಡಿಯೊ ಆಟವನ್ನು ಮನೆಯಲ್ಲಿ ಕಟ್ಟಲು ಹೋಗಿ ಅರ್ಧಕ್ಕೆ ಬಿಟ್ಟವರ ದೂರು ಹೆಚ್ಚುಕಡಿಮೆ ಒಂದೇ. "ಕೋಡ್ ಸರಿ ಇದೆ, ವೈರಿಂಗ್ ಸರಿ ಇದೆ, ಪರದೆ ಮೇಲೆ ಮಾತ್ರ ಏನೋ ಗೀಚಿದ ಹಾಗೆ ಬರ್ತಿದೆ." ಇಂಥ ಫೋಟೊಗಳನ್ನು ಸಾಕಷ್ಟು ನೋಡಿದ್ದೇನೆ. ಕೋಡ್ ತಪ್ಪಿರುವುದು ಅಪರೂಪ. ತಪ್ಪುವುದು ಕೆಲಸದ ಸರದಿ. ಎಲ್ಲರೂ ಹಾರುವ ಚೆಂಡಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಸಿಆರ್‌ಒ (ಕ್ಯಾಥೋಡ್ ರೇ ಆಸಿಲೋಸ್ಕೋಪ್, ಅಂದರೆ ವೋಲ್ಟೇಜನ್ನು ಪರದೆ ಮೇಲೆ ಬೆಳಕಿನ ಚುಕ್ಕೆಯಾಗಿ ತೋರಿಸುವ ಯಂತ್ರ) ಮೇಲಿನ ಅಲುಗಾಡದ ಒಂದು ಚುಕ್ಕೆಯಿಂದ.

ಹಾಗಾಗಿ ಇಲ್ಲಿ ಒಂದೇ ನಿಯಮ: ಒಂದು ಹಂತ ಪರದೆ ಮೇಲೆ ಸರಿಯಾಗಿ ಕಾಣುವವರೆಗೆ ಮುಂದಿನದಕ್ಕೆ ಹೋಗಬೇಡಿ. ಬೇಸರ ಬಂದರೂ ಸರಿ.

## ಕಟ್ಟುತ್ತಿರುವುದು ಏನು

1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರೂಕ್‌ಹೇವನ್ ನ್ಯಾಷನಲ್ ಲ್ಯಾಬೊರೇಟರಿಗೆ ಬಂದ ಜನರ ಮುಂದೆ ಇಟ್ಟ ಆಟ ಇದು. ರೂಪಿಸಿದವರು ವಿಲಿಯಂ ಹಿಗಿನ್‌ಬಾಥಮ್, ಜೋಡಿಸಿದವರು ರಾಬರ್ಟ್ ಡ್ವೊರಾಕ್. ಡಾನರ್ ಮಾಡೆಲ್ 30 ಎಂಬ ಅನಲಾಗ್ ಕಂಪ್ಯೂಟರ್ (ಸಂಖ್ಯೆಗಳ ಬದಲು ವೋಲ್ಟೇಜ್‌ನಲ್ಲೇ ಲೆಕ್ಕ ಹಾಕುವ ಯಂತ್ರ) ಲೆಕ್ಕ ಮಾಡುತ್ತಿತ್ತು, 5 ಇಂಚಿನ ಆಸಿಲೋಸ್ಕೋಪ್ ತೋರಿಸುತ್ತಿತ್ತು.

ನಮಗೆ ಬೇಕಾದ್ದು ಆಟದ ಅಳತೆ ಮಾತ್ರ. ಅಂಕಣವನ್ನು ಪಕ್ಕದಿಂದ ನೋಡಿದ ಚಿತ್ರ. ಪರದೆ ಮೇಲೆ ಮೂರೇ ವಸ್ತು: ನೆಲದ ಅಡ್ಡಗೆರೆ, ನಡುವೆ ನೆಟ್‌ನ ಗಿಡ್ಡ ಗೆರೆ, ಚೆಂಡಿನ ಚುಕ್ಕೆ. ರ‍್ಯಾಕೆಟ್ ಕಾಣುವುದಿಲ್ಲ, ಸ್ಕೋರ್ ಇಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದು ಡಬ್ಬಿ. ಅದರಲ್ಲಿ ಹೊಡೆತದ ಕೋನಕ್ಕೆ ಒಂದು ನಾಬ್, ಹೊಡೆಯಲು ಒಂದು ಬಟನ್. ಮೂರೂ ವಸ್ತುಗಳನ್ನು ಒಂದೇ ಕಿರಣ ಸರದಿಯಲ್ಲಿ, ಸೆಕೆಂಡಿಗೆ 36 ಸಲ ಎಳೆಯುತ್ತಿತ್ತು. ಸ್ಕೋರು, ಬೀಪ್ ಶಬ್ದ, ರ‍್ಯಾಕೆಟ್ ಎಲ್ಲ ಸೇರಿಸುವ ಆಸೆ ನಿಮಗೂ ಬರುತ್ತದೆ. ಸದ್ಯಕ್ಕೆ ಬೇಡ.

## ಹಂತ 1: ಸಾಮಾನು ಕೂಡಿಸುವುದು

- ಎಕ್ಸ್-ವೈ ಮೋಡ್ (ಒಂದು ಚಾನೆಲ್ ಚುಕ್ಕೆಯನ್ನು ಅಡ್ಡಕ್ಕೆ, ಇನ್ನೊಂದು ಮೇಲೆ-ಕೆಳಗೆ ಸರಿಸುವ ವಿಧಾನ) ಇರುವ ಎರಡು ಚಾನೆಲ್‌ನ ಅನಲಾಗ್ ಸಿಆರ್‌ಒ. ಕಾಲೇಜು ಲ್ಯಾಬಿನ 20 ಮೆಗಾಹರ್ಟ್ಸ್‌ನದು ಧಾರಾಳ ಸಾಕು
- ಇಎಸ್‌ಪಿ32 ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ (ಯಾವುದು ಎಂಬುದನ್ನು ಕೆಳಗೆ ಓದಿ)
- 10 ಕಿಲೊಓಮ್‌ನ ಲೀನಿಯರ್ ಪಾಟ್ (ತಿರುಗಿಸುವ ಪೊಟೆನ್ಶಿಯೊಮೀಟರ್) 2, ಪುಶ್ ಬಟನ್ 2
- ಬಿಎನ್‌ಸಿ ಕೇಬಲ್ ಅಥವಾ ಪ್ರೋಬ್ 2
- ಬ್ರೆಡ್‌ಬೋರ್ಡ್, ಜಂಪರ್ ವೈರ್, 104 ಎಂದು ಬರೆದಿರುವ ಕೆಪಾಸಿಟರ್ 2
- ಮಲ್ಟಿಮೀಟರ್

ಬೋರ್ಡ್ ಕೊಳ್ಳುವಾಗಲೇ ಅರ್ಧ ಜನ ಎಡವುತ್ತಾರೆ. ಡಿಜಿಟಲ್ ಸಂಖ್ಯೆಯನ್ನು ವೋಲ್ಟೇಜ್ ಮಾಡಿಕೊಡುವ ಡ್ಯಾಕ್ ಹಳೆಯ, ಮೂಲ ಇಎಸ್‌ಪಿ32ನಲ್ಲಿ ಎರಡಿವೆ: ಪಿನ್ 25 ಮತ್ತು ಪಿನ್ 26. ಎಸ್3 ಮತ್ತು ಸಿ3 ಮಾದರಿಗಳಲ್ಲಿ ಅವು ಇಲ್ಲವೇ ಇಲ್ಲ. "ಹೊಸದು, ಇನ್ನೂ ಫಾಸ್ಟ್" ಅಂತ ಅಂಗಡಿಯವರು ಅದನ್ನೇ ಕೊಡಲು ನೋಡಬಹುದು. ಬೇಡ ಅನ್ನಿ. ಲೋಹದ ಮುಚ್ಚಳದ ಮೇಲೆ ವ್ರೂಮ್-32 ಎಂದಿರುವುದನ್ನು ಕೇಳಿ ತೆಗೆದುಕೊಳ್ಳಿ.

ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಹಳೆ ಸಿಆರ್‌ಒ ಕೊಳ್ಳುವುದಾದರೆ ಅಂಗಡಿಯಲ್ಲೇ ಆನ್ ಮಾಡಿಸಿ, ಹತ್ತು ನಿಮಿಷ ಬಿಸಿಯಾಗಲು ಬಿಡಿ. ಎಕ್ಸ್-ವೈ ಒತ್ತಿ ಚುಕ್ಕೆ ತೋರಿಸಲು ಹೇಳಿ. ಎರಡೂ ಪೊಸಿಷನ್ ನಾಬ್ ತಿರುಗಿಸಿ ಚುಕ್ಕೆಯನ್ನು ನಾಲ್ಕೂ ಮೂಲೆಗೆ ಓಡಿಸಿ ನೋಡಿ. ಚುಕ್ಕೆ ಚೂಪಾಗಿ ನಿಲ್ಲದಿದ್ದರೆ, ಫೋಕಸ್ ನಾಬಿಗೂ ಬಗ್ಗದಿದ್ದರೆ ಬಿಟ್ಟು ಬನ್ನಿ.

ಡಿಜಿಟಲ್ ಸ್ಕೋಪಿನಲ್ಲೂ ಆಟ ನಡೆಯುತ್ತದೆ, ಆದರೆ ಚಿತ್ರ ಒಣಕಲು. ಅದೇ ಇದೆ ಅಂದರೆ ಪರ್ಸಿಸ್ಟೆನ್ಸ್ (ಚುಕ್ಕೆ ಅಳಿಯದೆ ಉಳಿಯುವ ಹೊತ್ತು) ಕಡಿಮೆ ಇಡಿ. ಇಲ್ಲದಿದ್ದರೆ ಚೆಂಡಿನ ಹಿಂದೆ ಬಾಲ ಬೆಳೆಯುತ್ತದೆ.

ಅಪಾಯದ ಮಾತು ಎರಡು. ಸಿಆರ್‌ಒ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರಬಹುದು. ಮುಚ್ಚಳ ಬಿಚ್ಚಬೇಡಿ. ಎರಡನೆಯದು, ಅದರ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕೀಳಬೇಡಿ. "ಹಮ್ ಹೋಗುತ್ತೆ" ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಹಮ್ ಅಂದರೆ ಮನೆಯ ಕರೆಂಟಿನಿಂದ ಚಿತ್ರಕ್ಕೆ ನುಸುಳುವ ಅಲುಗಾಟ. ಹಮ್ ಹೋಗಬಹುದು, ಜೊತೆಗೆ ನಿಮ್ಮ ರಕ್ಷಣೆಯೂ ಹೋಗುತ್ತದೆ.

## ಹಂತ 2: ಕೋಡ್ ಇಲ್ಲದೆ ಒಂದು ಚುಕ್ಕೆ

ಬೋರ್ಡನ್ನು ಪಕ್ಕಕ್ಕಿಡಿ. ಇಂಟೆನ್ಸಿಟಿ ನಾಬನ್ನು ಪೂರ್ತಿ ಇಳಿಸಿ. ಈಗ ಎಕ್ಸ್-ವೈ ಮೋಡಿಗೆ ಹೋಗಿ. ಕೆಲವು ಸಿಆರ್‌ಒಗಳಲ್ಲಿ ಇದಕ್ಕೆ ಬೇರೆ ಬಟನ್ ಇದೆ, ಕೆಲವದರಲ್ಲಿ ಟೈಮ್ ನಾಬನ್ನು ಒಂದು ತುದಿಗೆ ತಿರುಗಿಸಬೇಕು. ಎರಡೂ ಚಾನೆಲ್‌ಗಳ ಎಸಿ-ಗ್ರೌಂಡ್-ಡಿಸಿ ಸ್ವಿಚ್ಚನ್ನು ಗ್ರೌಂಡಿಗೆ ಇಡಿ. ಆಮೇಲೆ ಇಂಟೆನ್ಸಿಟಿಯನ್ನು ನಿಧಾನಕ್ಕೆ ಏರಿಸಿ, ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ.

ಈ ನಿಧಾನ ಸುಮ್ನೆ ಅಲ್ಲ. ನಿಂತ ಚುಕ್ಕೆ ಅಂದರೆ ಇಡೀ ಕಿರಣ ಒಂದೇ ಜಾಗಕ್ಕೆ ಬೀಳುತ್ತಿದೆ ಅಂತ. ಚುಕ್ಕೆಯ ಸುತ್ತ ಮಂಜಿನಂಥ ಬಳೆ ಕಂಡರೆ ಅದೇ ಎಚ್ಚರಿಕೆ. ಹಾಗೇ ಬಿಟ್ಟು ಟೀ ಕುಡಿಯಲು ಹೋದರೆ ಪರದೆಯ ಲೇಪ ಸುಟ್ಟು ಶಾಶ್ವತ ಕಲೆ ಉಳಿಯುತ್ತದೆ. ಕೆಲಸ ಮುಗಿಯುವವರೆಗೆ ಒಂದು ಅಭ್ಯಾಸ ಇಟ್ಟುಕೊಳ್ಳಿ: ಎದ್ದು ಹೋಗುವ ಮುಂಚೆ ಇಂಟೆನ್ಸಿಟಿ ಇಳಿಸಿ.

ಎರಡೂ ಚಾನೆಲ್‌ಗಳನ್ನು ಒಂದು ಮನೆಗೆ (ಪರದೆ ಮೇಲಿನ ಒಂದು ಚೌಕಕ್ಕೆ) 0.5 ವೋಲ್ಟ್‌ಗೆ ಇಡಿ. ಪಕ್ಕದ ಚಿಕ್ಕ ವೇರಿಯಬಲ್ ನಾಬ್ ಕ್ಯಾಲ್ ಗುರುತಿನಲ್ಲೇ ಇರಲಿ. ಚುಕ್ಕೆಯನ್ನು ನಡುವಿನಿಂದ 3 ಮನೆ ಎಡಕ್ಕೆ, 3 ಮನೆ ಕೆಳಕ್ಕೆ ತನ್ನಿ. ಈಗ ಎರಡೂ ಸ್ವಿಚ್ಚನ್ನು ಡಿಸಿಗೆ ಹಾಕಿ.

ಬೋರ್ಡಿಗೆ ಯುಎಸ್‌ಬಿ ಕೊಟ್ಟು, ಅದರ ಗ್ರೌಂಡನ್ನು ಪ್ರೋಬಿನ ಗ್ರೌಂಡಿಗೆ ಸೇರಿಸಿ, 3.3 ವೋಲ್ಟ್ ಪಿನ್ನನ್ನು ಮೊದಲ ಚಾನೆಲ್‌ಗೆ ಮುಟ್ಟಿಸಿ. ಚುಕ್ಕೆ ಬಲಕ್ಕೆ ಆರೂವರೆ ಮನೆ ಹಾರಬೇಕು. ಎರಡನೇ ಚಾನೆಲ್‌ಗೆ ಮುಟ್ಟಿಸಿದರೆ ಅಷ್ಟೇ ಮೇಲಕ್ಕೆ.

ಒಂದು ಮನೆಯನ್ನೂ ದಾಟದೆ ಚೂರೇ ಅಲುಗಿದರೆ ಪ್ರೋಬಿನ ಸ್ವಿಚ್ 10 ಪಟ್ಟಿನಲ್ಲಿದೆ, 1ಕ್ಕೆ ತನ್ನಿ. ಬಲಕ್ಕೆ ಹೋಗಬೇಕಾದ್ದು ಮೇಲಕ್ಕೆ ಹೋದರೆ ನಿಮ್ಮ ಸಿಆರ್‌ಒದಲ್ಲಿ ಚಾನೆಲ್ ಅದಲು ಬದಲು, ಕೇಬಲ್ ಬದಲಿಸಿದರೆ ಆಯಿತು. ಹಾರಿದ ಚುಕ್ಕೆ ಮೆಲ್ಲಗೆ ಜಾರಿಕೊಂಡು ವಾಪಸ್ ಬಂದರೆ ಸ್ವಿಚ್ ಎಸಿಯಲ್ಲಿದೆ. ಅತಿ ಹೆಚ್ಚು ಜನರ ಕಾಲೆಳೆಯುವುದು ಈ ಪುಟ್ಟ ಸ್ವಿಚ್ಚೇ. ಎಸಿಯಲ್ಲಿಟ್ಟರೆ ಸಿಆರ್‌ಒ ಸರಾಸರಿ ವೋಲ್ಟೇಜನ್ನು ಕಳೆದುಬಿಡುತ್ತದೆ. ಚೆಂಡು ಮೇಲೆ ಹೋದಾಗಲೆಲ್ಲ ಇಡೀ ಅಂಕಣ ಕೆಳಗೆ ಇಳಿಯುತ್ತದೆ. ನಾನೂ ಒಂದು ಭಾನುವಾರ ಪೂರ್ತಿ ಕೋಡಿನಲ್ಲಿ ತಪ್ಪು ಹುಡುಕಿದ್ದೆ. ಸಂಜೆ ನೋಡಿದರೆ ಎರಡನೇ ಚಾನೆಲ್ ಎಸಿಯಲ್ಲಿ ಕೂತಿತ್ತು.

## ಹಂತ 3: ಬೋರ್ಡಿನ ವೇಗ ಅಳೆಯುವುದು

ಪಿನ್ 25 ಮೊದಲ ಚಾನೆಲ್‌ಗೆ, ಪಿನ್ 26 ಎರಡನೆಯದಕ್ಕೆ. ಆರ್ಡುಯಿನೊದಲ್ಲಿ (ಬೋರ್ಡಿಗೆ ಕೋಡ್ ಬರೆಯುವ ತಂತ್ರಾಂಶ) ಡ್ಯಾಕ್‌ರೈಟ್ ಆದೇಶ ಬಳಸಿ ಎರಡಕ್ಕೂ 128 ಬರೆಯಿರಿ. ಮಲ್ಟಿಮೀಟರ್‌ನಲ್ಲಿ 1.65 ವೋಲ್ಟ್ ಆಸುಪಾಸು ಬರಬೇಕು. 255 ಬರೆದಾಗ ಸರಿಯಾಗಿ 3.3 ಮುಟ್ಟದಿದ್ದರೆ ಗಾಬರಿ ಬೇಡ.

ಇನ್ನು ಹೆಚ್ಚಿನವರು ಹಾರಿಸಿಬಿಡುವ ಕೆಲಸ. ಎರಡೂ ಪಿನ್‌ಗೆ 0, ಮತ್ತೆ ಎರಡಕ್ಕೂ 255, ಹೀಗೇ ನಿಲ್ಲದೆ ಬರೆಯುವ ಲೂಪ್ ಹಾಕಿ. ಸಿಆರ್‌ಒವನ್ನು ಮಾಮೂಲಿ ಟೈಮ್ ಮೋಡಿಗೆ ತಂದು ಅಲೆಯ ಒಂದು ಸುತ್ತಿನ ಅಗಲ ಅಳೆಯಿರಿ. ಅದರ ಅರ್ಧವೇ ಒಂದು ಚುಕ್ಕೆಗೆ ಹಿಡಿಯುವ ಸಮಯ. ಈ ಸಂಖ್ಯೆ ಲೈಬ್ರರಿಯ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಹಾಗಾಗಿ ಬೇರೆಯವರ ಲೆಕ್ಕ ನಂಬಬೇಡಿ, ನಿಮ್ಮದನ್ನು ಗೋಡೆ ಮೇಲೆ ಬರೆದಿಡಿ.

ಉದಾಹರಣೆಗೆ 40 ಮೈಕ್ರೊಸೆಕೆಂಡ್ ಬಂತು ಅನ್ನಿ. 400 ಚುಕ್ಕೆಗಳ ಚಿತ್ರಕ್ಕೆ 16 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 62 ಸಲ. ಪರವಾಗಿಲ್ಲ. 600 ಚುಕ್ಕೆ ಹಾಕಿದರೆ 41ಕ್ಕೆ ಇಳಿಯುತ್ತದೆ, ಕಣ್ಣಿಗೆ ಮಿಣುಕು ಗೊತ್ತಾಗುತ್ತದೆ. 50ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ.

## ಹಂತ 4: ನೆಲ ಮತ್ತು ನೆಟ್

ಎರಡೂ ದಿಕ್ಕಿಗೆ 0ಯಿಂದ 255 ಗುರುತಿನವರೆಗಿನ ಜಾಗ ನಮ್ಮದು. ನೆಲದ ಎತ್ತರ 40, ಎಡತುದಿ 20, ಬಲತುದಿ 235. ನೆಟ್ 128ರಲ್ಲಿ, 40ರಿಂದ 75ರವರೆಗೆ. ಎರಡೆರಡು ಬಿಟ್ಟು ಚುಕ್ಕೆ ಇಟ್ಟರೆ ನೆಲಕ್ಕೆ ಸುಮಾರು 108, ನೆಟ್‌ಗೆ 18. ಚುಕ್ಕೆಚುಕ್ಕೆಯಾಗಿ ಕಂಡರೆ ಇನ್ನಷ್ಟು ಚುಕ್ಕೆ ತುಂಬಬೇಡಿ, ಫೋಕಸ್ ಸ್ವಲ್ಪ ಸಡಿಲ ಮಾಡಿ ಸಾಕು.

ಎಳೆಯುವ ದಾರಿ ಮುಖ್ಯ. ಕಿರಣವನ್ನು ಪೆನ್ನಿನ ಹಾಗೆ ಎತ್ತಲು ಬರುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆ ಹಾರಿದರೆ ಹಾರಿದ ಗುರುತು ಮಸುಕಾಗಿ ಬೀಳುತ್ತದೆ. ಎಳೆ ರಂಗೋಲಿ ಹಾಕುವವರು ಕೈ ಎತ್ತದೆ ದಾರಿ ಹುಡುಕುತ್ತಾರಲ್ವಾ, ಹಾಗೇ ಯೋಚಿಸಿ: ಎಡತುದಿಯಿಂದ ನಡುವಿನವರೆಗೆ ನೆಲ, ಅಲ್ಲಿಂದ ನೆಟ್ ಹತ್ತಿ, ಅದೇ ನೆಟ್ ಇಳಿದು, ಮತ್ತೆ ಬಲತುದಿಯವರೆಗೆ ನೆಲ. ಹತ್ತುವಾಗ ಸಮಸಂಖ್ಯೆ, ಇಳಿಯುವಾಗ ಬೆಸಸಂಖ್ಯೆ ಹಾಕಿದರೆ ನೆಟ್ ತುಂಬಿಯೂ ಕಾಣುತ್ತದೆ.

ಈ ಹಂತದಲ್ಲಿ ತಲೆಕೆಳಗಾದ ಟಿ ಅಕ್ಷರದಂಥ ಚಿತ್ರ ಅಲುಗಾಡದೆ ನಿಲ್ಲಬೇಕು. ಇಡೀ ಚಿತ್ರ ತೂಗುತ್ತಿದ್ದರೆ ಅದು 50 ಹರ್ಟ್ಸ್‌ನ ಹಮ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ಎರಡು ಅರ್ಥ್‌ಗಳ ನಡುವಿನ ಸುತ್ತು ಅದಕ್ಕೆ ಕಾರಣ. ಆಟವನ್ನು ಬ್ಯಾಟರಿ ಮೇಲೆ ಅಥವಾ ಪವರ್ ಬ್ಯಾಂಕಿನಲ್ಲಿ ನಡೆಸಿ.

## ಹಂತ 5: ನಿಂತ ಚೆಂಡು

ಚೆಂಡು ಇನ್ನೂ ಹಾರುವುದು ಬೇಡ. ಅಡ್ಡ 60, ಎತ್ತರ 120ರಲ್ಲಿ ನಿಲ್ಲಿಸಿ. ಒಂದೇ ಸಲ ಬರೆದರೆ ಮಸುಕು, ಅದಕ್ಕೇ ಅದೇ ಚುಕ್ಕೆಯನ್ನು 30 ಸಲ ಬರೆಯಿರಿ. ಈಗ ಒಟ್ಟು 174 ಚುಕ್ಕೆ (ನೆಟ್ ಹತ್ತಲು 18, ಇಳಿಯಲು 18), 40 ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 144 ಸಲ.

ಪರದೆಯನ್ನು ಹತ್ತಿರದಿಂದ ನೋಡಿ. ಎಡ ಅಂಚಿನಲ್ಲಿ, ಚೆಂಡಿನಷ್ಟೇ ಎತ್ತರದಲ್ಲಿ ಇನ್ನೊಂದು ಮಸುಕು ಚುಕ್ಕೆ ಇದೆಯಾ? ಬಹಳ ಜನ ಇದನ್ನು ಸಿಆರ್‌ಒ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ನಾವು ಅಡ್ಡ ಬೆಲೆಯನ್ನು ಮೊದಲು, ಎತ್ತರವನ್ನು ಆಮೇಲೆ ಬರೆಯುತ್ತೇವೆ. ಚೆಂಡಿನಿಂದ ನೆಲದ ಎಡತುದಿಗೆ ವಾಪಸ್ ಹೋಗುವಾಗ ಅಡ್ಡ 20 ಆಗಿರುತ್ತದೆ, ಎತ್ತರ ಇನ್ನೂ 120ರಲ್ಲೇ ಇರುತ್ತದೆ. ಆ ಅರ್ಧ ಗಳಿಗೆ ಕಿರಣ ಅಲ್ಲೇ ಕಾಯುತ್ತದೆ. ದೆವ್ವದ ಚುಕ್ಕೆ ಅಂದರೆ ಅದೇ.

ಪರಿಹಾರ: ಚೆಂಡಿಗೆ ಹೋಗುವಾಗ ಅಡ್ಡ ಮೊದಲು ಬರೆಯಿರಿ, ಚೆಂಡಿನಿಂದ ಬರುವಾಗ ಎತ್ತರ ಮೊದಲು ಬರೆಯಿರಿ. ಆಗ ಎರಡೂ ದೆವ್ವಗಳು ಚೆಂಡಿನ ನೇರ ಕೆಳಗೆ, ನೆಲದ ಗೆರೆಯ ಮೇಲೇ ಬೀಳುತ್ತವೆ. ನಡುಮಧ್ಯಾಹ್ನದ ನೆರಳಿನ ಹಾಗೆ ಒಂದು ಹೊಳಪು ಚೆಂಡಿನ ಜೊತೆ ನೆಲದಲ್ಲಿ ಓಡುತ್ತದೆ. ಅದನ್ನೂ ತೆಗೆಯಲು ಹೋಗಬೇಡಿ, ನನಗಂತೂ ಇಷ್ಟ.

## ಹಂತ 6: ಚೆಂಡು ಹಾರಿಸುವುದು

ಲೆಕ್ಕ ಮೂರೇ ಸಾಲು.

ಹೊಸ ಏರುವೇಗ = ಹಳೆ ಏರುವೇಗ − 300 × ಕಳೆದ ಸಮಯ
ಹೊಸ ಎತ್ತರ = ಹಳೆ ಎತ್ತರ + ಏರುವೇಗ × ಕಳೆದ ಸಮಯ
ಹೊಸ ಅಡ್ಡ ಜಾಗ = ಹಳೆ ಅಡ್ಡ ಜಾಗ + ಅಡ್ಡವೇಗ × ಕಳೆದ ಸಮಯ

300 ಅನ್ನುವುದು ನಮ್ಮ ಪರದೆಯ ಗುರುತ್ವ. ಹೊಡೆತದ ವೇಗ 212 ಇಡಿ. 45 ಡಿಗ್ರಿಯಲ್ಲಿ ಹೊಡೆದರೆ ಎರಡೂ ದಿಕ್ಕಿನ ವೇಗ 150. ಚೆಂಡು ಒಂದು ಸೆಕೆಂಡಿನಲ್ಲಿ 150 ಗುರುತು ದೂರ ಹೋಗಿ ಬೀಳುತ್ತದೆ, 37 ಗುರುತು ಏರುತ್ತದೆ. ನೆಟ್ 35 ಗುರುತು ಎತ್ತರ. ನೆಲಮಟ್ಟದಿಂದ ಹೊಡೆದರೆ ಕೂದಲೆಳೆಯಲ್ಲಿ ಪಾರಾಗುವ ಅಳತೆ, ಅದಕ್ಕೇ ಆಟ ಬಿಗಿಯಾಗಿರುತ್ತದೆ.

ಕಳೆದ ಸಮಯವನ್ನು ಪ್ರತಿ ಸುತ್ತಿಗೂ ಮೈಕ್ರೊಸೆಕೆಂಡ್ ಗಡಿಯಾರ ನೋಡಿ ತೆಗೆದುಕೊಳ್ಳಿ, ಸೆಕೆಂಡಿಗೆ ಬದಲಿಸಿಕೊಳ್ಳಿ. ಡಿಲೇ (ಕೋಡನ್ನು ಸುಮ್ಮನೆ ಕಾಯಿಸುವ ಆದೇಶ) ಹಾಕಲೇಬೇಡಿ. ಡಿಲೇ ಇರುವಷ್ಟು ಹೊತ್ತೂ ಕಿರಣ ಒಂದೇ ಕಡೆ ನಿಂತಿರುತ್ತದೆ. ಚಿತ್ರ ಮಿಣುಕುತ್ತದೆ, ಒಂದು ಚುಕ್ಕೆ ಧಗಧಗ ಹೊಳೆಯುತ್ತದೆ. ತಪ್ಪು ಹುಡುಕಲು ಹಾಕಿದ ಸೀರಿಯಲ್ ಪ್ರಿಂಟ್ (ಬೋರ್ಡಿನಿಂದ ಕಂಪ್ಯೂಟರ್‌ಗೆ ಅಕ್ಷರ ಕಳಿಸುವ ಆದೇಶ) ಮರೆತು ಬಿಟ್ಟರೂ ಇದೇ ಲಕ್ಷಣ.

ನೆಲಕ್ಕೆ ಬಡಿದಾಗ ಏರುವೇಗದ ಚಿಹ್ನೆ ತಿರುಗಿಸಿ 0.7ರಿಂದ ಗುಣಿಸಿ, ಎತ್ತರವನ್ನು 40ಕ್ಕೆ ತನ್ನಿ. ಇಲ್ಲಿ ಷರತ್ತು ಎರಡಿರಬೇಕು: ಎತ್ತರ 40ಕ್ಕೆ ಇಳಿದಿರಬೇಕು ಮತ್ತು ಚೆಂಡು ಕೆಳಮುಖವಾಗಿ ಹೋಗುತ್ತಿರಬೇಕು. ಎರಡನೆಯದನ್ನು ಬಿಟ್ಟರೆ ಈಗಷ್ಟೇ ಪುಟಿದ ಚೆಂಡನ್ನೂ ಮತ್ತೆ ಕೆಳಕ್ಕೆ ತಿರುಗಿಸಿಬಿಡಬಹುದು. ಚೆಂಡು ನೆಲಕ್ಕೆ ಅಂಟಿಕೊಂಡು ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ನೆಟ್‌ಗೆ ತಾಗಿತಾ ಅಂತ "ಅಡ್ಡ ಜಾಗ 128 ಆಯ್ತಾ" ಎಂದು ಕೇಳಬೇಡಿ. ಚೆಂಡು 127.4ರಿಂದ 128.5ಕ್ಕೆ ಹಾರಿ ನೆಟ್ ಒಳಗಿಂದಲೇ ನುಸುಳುತ್ತದೆ. ಹಳೆ ಜಾಗ ಒಂದು ಕಡೆ, ಹೊಸ ಜಾಗ ಇನ್ನೊಂದು ಕಡೆ ಇದ್ದು, ಎತ್ತರ 75ಕ್ಕಿಂತ ಕಡಿಮೆ ಇದ್ದರೆ ತಾಗಿದ ಹಾಗೆ. ಅಡ್ಡವೇಗವನ್ನು ತಿರುಗಿಸಿ 0.3ರಿಂದ ಗುಣಿಸಿ, ಹಳೆ ಜಾಗಕ್ಕೇ ವಾಪಸ್ ಇಡಿ.

ಇನ್ನೊಂದು ಬಲೆ: ಡ್ಯಾಕ್ 8 ಬಿಟ್‌ನದು. ಎತ್ತರ 260 ಬರೆದರೆ ಅದಕ್ಕೆ 4 ಅಂತ ಕೇಳಿಸುತ್ತದೆ. ಮೇಲೆ ಹೋದ ಚೆಂಡು ತಟ್ಟನೆ ನೆಲದ ಕೆಳಗೆ ಕಂಡರೆ ಇದೇ. ಲೆಕ್ಕವನ್ನು ದಶಮಾಂಶದಲ್ಲೇ ಇಟ್ಟುಕೊಂಡು, ಬರೆಯುವ ಮುಂಚೆ 0–255ರ ಹೊರಗಿದೆಯಾ ನೋಡಿ. ಹೊರಗಿದ್ದರೆ ಆ ಸುತ್ತು ಚೆಂಡನ್ನು ಎಳೆಯಬೇಡಿ. ನೆಲದ ತುದಿ ದಾಟಿದರೂ ಹಾಗೇ ಮರೆ ಮಾಡಿ, ಮುಂದಿನ ಬಟನ್ ಒತ್ತಿಗೆ ಹೊಸ ಸರ್ವ್ ಕೊಡಿ.

## ಹಂತ 7: ಕೈಡಬ್ಬಿಗಳು

ಪಾಟ್‌ನ ಎರಡು ತುದಿ 3.3 ವೋಲ್ಟ್ ಮತ್ತು ಗ್ರೌಂಡಿಗೆ. 5 ವೋಲ್ಟ್‌ಗೆ ಕೊಟ್ಟರೆ ಪಿನ್ ಸುಡಬಹುದು. ನಡುವಿನ ಕಾಲು ಪಿನ್ 32 ಮತ್ತು 33ಕ್ಕೆ, ಅಲ್ಲಿಂದ ಗ್ರೌಂಡಿಗೆ 104 ಕೆಪಾಸಿಟರ್. ಬಟನ್‌ಗಳು ಪಿನ್ 27 ಮತ್ತು 14ರಿಂದ ಗ್ರೌಂಡಿಗೆ, ಒಳಗಿನ ಪುಲ್‌ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು 3.3 ವೋಲ್ಟ್‌ನಲ್ಲಿ ಹಿಡಿಯುವ ರೆಸಿಸ್ಟರ್) ಆನ್ ಮಾಡಿ.

ಪಾಟನ್ನು ಪ್ರತಿ ಸುತ್ತಿಗೂ ಓದುವ ಅಗತ್ಯವೇ ಇಲ್ಲ. ಕೋನ ಬೇಕಾಗುವುದು ಹೊಡೆಯುವ ಕ್ಷಣಕ್ಕೆ ಮಾತ್ರ. ಬಟನ್ ಒತ್ತಿದಾಗ ಓದಿ, 20ರಿಂದ 80 ಡಿಗ್ರಿಗೆ ಹೊಂದಿಸಿ. ಓದಿದ ಸಂಖ್ಯೆ ಎರಡು ತುದಿಗಳಲ್ಲಿ ಸ್ವಲ್ಪ ಸತ್ತಿರುತ್ತದೆ. 0–4095ರ ಬದಲು 200–3900 ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಡ ಬಟನ್ ಕೆಲಸ ಮಾಡಬೇಕಾದ್ದು ಚೆಂಡು 128ರ ಎಡಕ್ಕಿದ್ದಾಗ ಮಾತ್ರ, ಬಲದ್ದು ಬಲಕ್ಕಿದ್ದಾಗ. ಒತ್ತಿದ ಕ್ಷಣವನ್ನು ಹಿಡಿಯಿರಿ, ಒತ್ತಿಕೊಂಡಿರುವುದನ್ನಲ್ಲ. ಇಲ್ಲದಿದ್ದರೆ ಬಟನ್ ಒತ್ತಿ ಹಿಡಿದವರ ಚೆಂಡು ಬೀಳುವುದನ್ನೇ ಮರೆತು ರಾಕೆಟ್ಟಿನ ಹಾಗೆ ನೇರ ಹೋಗುತ್ತದೆ. ಒಂದು ಹೊಡೆತದ ನಂತರ 200 ಮಿಲಿಸೆಕೆಂಡ್ ಆ ಬಟನ್ ಕಡೆ ನೋಡಬೇಡಿ.

ಮೂಲ ಡಬ್ಬಿಗಳು ಅಲ್ಯೂಮಿನಿಯಂನವು. ಸೋಪಿನ ಡಬ್ಬಿಯೂ ಸಾಕು. ವೈರ್ ಒಂದು ಮೀಟರಿಗಿಂತ ಉದ್ದವಾದರೆ ಶೀಲ್ಡ್ ಇರುವುದನ್ನು ಹಾಕಿ.

## ಹಂತ 8: ಅನಲಾಗ್‌ನಲ್ಲೇ ಬೇಕು ಎನ್ನುವವರಿಗೆ

ಹಂತ 7ರವರೆಗೆ ಬಂದವರು ಮಾತ್ರ ಇದಕ್ಕೆ ಕೈ ಹಾಕಿ. ಟಿಎಲ್072 ಐಸಿಯಲ್ಲಿ ಎರಡು ಆಪ್‌ಆಂಪ್ (ಆಪರೇಷನಲ್ ಆಂಪ್ಲಿಫೈಯರ್) ಇವೆ. ಎರಡನ್ನೂ ಇಂಟಿಗ್ರೇಟರ್ (ಒಳಬರುವ ವೋಲ್ಟೇಜನ್ನು ಸಮಯದ ಜೊತೆ ಕೂಡಿಸುತ್ತಾ ಹೋಗುವ ಸರ್ಕ್ಯೂಟ್) ಮಾಡಿ ಒಂದರ ಹಿಂದೆ ಒಂದು ಜೋಡಿಸಿ: ಒಳಗೆ ಸ್ಥಿರ ವೋಲ್ಟೇಜ್ ಅಂದರೆ ಗುರುತ್ವ, ಮೊದಲನೆಯದರ ಹೊರಗೆ ವೇಗ, ಎರಡನೆಯದರ ಹೊರಗೆ ಎತ್ತರ. 1 ಮೆಗಾಓಮ್ ಮತ್ತು 1 ಮೈಕ್ರೊಫ್ಯಾರಡ್ ಇಟ್ಟರೆ ಒಂದು ವೋಲ್ಟ್ ಒಳಗೆ ಕೊಟ್ಟಾಗ ಹೊರಗೆ ಸೆಕೆಂಡಿಗೆ ಒಂದು ವೋಲ್ಟ್ ಬದಲಾಗುತ್ತದೆ. ಪ್ರತಿ ಇಂಟಿಗ್ರೇಟರ್ ಚಿಹ್ನೆಯನ್ನು ತಿರುಗಿಸುತ್ತದೆ, ಮರೆಯಬೇಡಿ.

ಕೆಪಾಸಿಟರ್ ಪಾಲಿಯೆಸ್ಟರ್ ಫಿಲ್ಮ್‌ನದೇ ಇರಲಿ. ಎಲೆಕ್ಟ್ರೊಲಿಟಿಕ್ ಹಾಕಿದರೆ ಸೋರಿ, ಚೆಂಡು ಸುಮ್ನೆ ಕೂತಲ್ಲೇ ತೇಲಿಹೋಗುತ್ತದೆ. ಎರಡೂ ಕೆಪಾಸಿಟರ್‌ಗಳನ್ನು 100 ಓಮ್ ಮೂಲಕ ಖಾಲಿ ಮಾಡುವ ಬಟನ್ ಇಟ್ಟುಕೊಳ್ಳಿ. ಮೊದಲ ಗುರಿ ಒಂದೇ ಬೀಳುವಿಕೆ: ಬಟನ್ ಬಿಟ್ಟ ಕೂಡಲೇ ಚುಕ್ಕೆ ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ ಇಳಿಯಬೇಕು. ಅದು ಸರಿಯಾಗುವವರೆಗೆ ಪುಟಿಯುವಿಕೆ, ರಿಲೇ ಯಾವುದೂ ಬೇಡ. ಈ ಸರ್ಕ್ಯೂಟ್ ±12 ವೋಲ್ಟ್‌ನದು. ಸಿಆರ್‌ಒ ತಡೆದುಕೊಳ್ಳುತ್ತದೆ, ಇಎಸ್‌ಪಿ32 ತಡೆದುಕೊಳ್ಳುವುದಿಲ್ಲ. ಎರಡರ ವೈರ್ ಒಂದೇ ಬ್ರೆಡ್‌ಬೋರ್ಡಿನಲ್ಲಿ ಬೆರೆಸಬೇಡಿ.

## ಹಂತ 9: ಚಂದ್ರನ ಮೇಲೆ, ಗುರುಗ್ರಹದ ಮೇಲೆ

1959ರಲ್ಲಿ ಆಟವನ್ನು ಮತ್ತೆ ಇಟ್ಟಾಗ ಪರದೆ ದೊಡ್ಡದಾಯಿತು, ಚಂದ್ರನ ಮತ್ತು ಗುರುಗ್ರಹದ ಗುರುತ್ವದಲ್ಲೂ ಆಡಬಹುದಿತ್ತು. ನಮಗೆ ಇದು ಎರಡು ಸಂಖ್ಯೆಯ ಬದಲಾವಣೆ. ಒಂದೇ ಬದಲಿಸಿದವರು ಕೆಡುತ್ತಾರೆ. ಗುರುತ್ವವನ್ನು ಆರನೇ ಒಂದಕ್ಕೆ, ಅಂದರೆ 50ಕ್ಕೆ ಇಳಿಸಿ ಹೊಡೆತವನ್ನು 212ರಲ್ಲೇ ಬಿಟ್ಟರೆ ಚೆಂಡು ಪರದೆ ಬಿಟ್ಟೇ ಹೋಗುತ್ತದೆ. ಹೊಡೆತವನ್ನು 87ಕ್ಕೆ ಇಳಿಸಿ. ಅಷ್ಟೇ ದೂರ, ಅಷ್ಟೇ ಎತ್ತರ, ಆದರೆ ಒಂದು ಸೆಕೆಂಡಿನ ಹಾರಾಟಕ್ಕೆ ಎರಡೂವರೆ ಸೆಕೆಂಡ್. ಗುರುಗ್ರಹಕ್ಕೆ ಗುರುತ್ವ 750, ಹೊಡೆತ 335. ಚೆಂಡು ಸುಮಾರು 0.6 ಸೆಕೆಂಡಿನಲ್ಲಿ ಆಚೆ ಕಡೆ ಬಿದ್ದಿರುತ್ತದೆ.

ಇದಕ್ಕೊಂದು ಮೂರು ಸ್ಥಾನದ ಸ್ವಿಚ್ ಇಡಿ, ಆದರೆ ಸರ್ವ್ ಮಾಡುವಾಗ ಮಾತ್ರ ಅದನ್ನು ಓದಿ. ಚೆಂಡು ಗಾಳಿಯಲ್ಲಿರುವಾಗಲೂ ಓದಿದರೆ, ಸೋಲುವ ಹೊತ್ತಿಗೆ ಸರಿಯಾಗಿ ಯಾರಾದರೂ ಗುರುಗ್ರಹಕ್ಕೆ ತಿರುಗಿಸುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಜಗಳ ಆಗಿದ್ದೇ ಅದಕ್ಕೆ.